ಗೋಡೆಯೊಳಗಿನ ಉಣುಗು

ಹದಿನಾಲ್ಕು ಸಲ ಬಟ್ಟೆ ಎಳೆದೆ, ಹದಿನಾಲ್ಕು ಸಲವೂ ಮಗುಚಿ ನೋಡಿದೆ. ಮುಳ್ಳು ಹತ್ತಿತ್ತು, ಆಡಿನ ಹಿಕ್ಕೆ ಹತ್ತಿತ್ತು, ಹರಿದ ಪ್ಲಾಸ್ಟಿಕ್ ಚೂರು ಹತ್ತಿತ್ತು. ಉಣುಗು ಮಾತ್ರ ಒಂದೇ ಒಂದು ಇಲ್ಲ. ಬೆಳಗಿನ ಏಳು ಗಂಟೆಗೇ ಬೆನ್ನು ಸುಡುತ್ತಿತ್ತು. ದೊಡ್ಡಿಯ ಬೇಲಿಗೆ ಒರಗಿ ನಿಂತು ಒಬ್ಬ ಮನುಷ್ಯ ನನ್ನನ್ನೇ ನೋಡುತ್ತಿದ್ದ. ಬಟಾಬಯಲಿನಲ್ಲಿ ಒಬ್ಬ ಗಂಡಸು ಕೋಲಿಗೆ ಬಿಳಿ ಬಟ್ಟೆ ಕಟ್ಟಿ, ಅದನ್ನು ಹಗ್ಗದಲ್ಲಿ ನೆಲದ ಮೇಲೆ ಎಳೆದುಕೊಂಡು, ಹತ್ತು ಹೆಜ್ಜೆಗೊಮ್ಮೆ ಮಂಡಿಯೂರಿ ಮುಟ್ಟಿ ಮುಟ್ಟಿ ನೋಡುವುದನ್ನು ಕಂಡರೆ ಇವನಿಗೆ ತಲೆ ಕೆಟ್ಟಿದೆ ಎಂದು ಯಾರಿಗಾದರೂ ಅನ್ನಿಸೀತು. ಕೊನೆಗೆ ಅವನು ಹಿಂದಿಯಲ್ಲಿ ಕೇಳಿದ: "ಸಾಬ್, ಏನಾದರೂ ಕಳೆದುಹೋಯಿತಾ?"

ಉಣುಗು ಎನ್ನುವುದಕ್ಕೆ ಹಿಂದಿ ಶಬ್ದ ನನಗೆ ಗೊತ್ತಿರಲಿಲ್ಲ. ಬೇಲಿಯ ಪಕ್ಕದ ಆಡಿನ ಕಿವಿ ಹಿಡಿದು, ಎರಡು ಬೆರಳು ಸೇರಿಸಿ ಕಚ್ಚುವ ಹಾಗೆ ಮಾಡಿ ತೋರಿಸಿದೆ. ಅವನು ಜೋರಾಗಿ ನಕ್ಕ. ಅದೇ ಆಡಿನ ಕಿವಿಯ ಮಡಿಕೆಯಿಂದ ಒಂದು ಉಣುಗು ಕಿತ್ತು, ಎರಡು ಹೆಬ್ಬೆರಳುಗಳ ಉಗುರಿನ ನಡುವೆ ಚಟ್ಟೆಂದು ಒಡೆದು, ರಕ್ತವನ್ನು ಲುಂಗಿಗೆ ಒರೆಸಿಕೊಂಡು, "ಇದಾ?" ಎಂದ. "ಅಯ್ಯೋ ಮಾರಾಯಾ, ಬರಿಗೈಯಲ್ಲಿ ಒಡೆಯಬೇಡ!" ಎಂದು ಕನ್ನಡದಲ್ಲೇ ಕಿರುಚಿದೆ. ಅವನಿಗೆ ಭಾಷೆ ಅರ್ಥವಾಗಲಿಲ್ಲ, ನನ್ನ ಮುಖ ಅರ್ಥವಾಯಿತು.

ಅವನು ಆ ದೊಡ್ಡಿಯ ಕಾವಲಿನವ. ಬಿಹಾರದವನು. ಬಹರೈನಿನ ಅಸ್ಕರ್‌ನಲ್ಲಿರುವ ಅಲ್ಯೂಮಿನಿಯಂ ಕಾರ್ಖಾನೆಯಿಂದ ಆಚೆ, ಮುಖ್ಯರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಒಂದು ಮಜ್ರಾ, ಅಂದರೆ ಸಾಕುಪ್ರಾಣಿಗಳ ತೋಟದಮನೆ. ಅಲ್ಲಿ ಆಡು, ಕುರಿ ಮತ್ತು ನಾಲ್ಕು ಒಂಟೆ. ಎಲ್ಲದಕ್ಕೂ ಇವನೊಬ್ಬನೇ. ಅವನು ಮಲಗುವ ಕೋಣೆಯನ್ನು ದೊಡ್ಡಿಗೆ ಅಂಟಿಸಿಯೇ ಕಟ್ಟಿದ್ದರು. ಗಾರೆ ಮಾಡದ ಸಿಮೆಂಟ್ ಇಟ್ಟಿಗೆಯ ಒಂದೇ ಗೋಡೆ. ಗೋಡೆಯ ಆ ಬದಿಯಲ್ಲಿ ಆಡು, ಈ ಬದಿಯಲ್ಲಿ ಅವನ ಮಂಚ.

ನಾನು ಅಲ್ಲಿಗೆ ಹೋದದ್ದೇ ಆ ಗೋಡೆಯ ಸಲುವಾಗಿ. ನಾನು ಟುಬ್ಲಿಯಲ್ಲಿರುವ ಒಂದು ಚಿಕ್ಕ ಖಾಸಗಿ ಪ್ರಯೋಗಾಲಯದ ತಂತ್ರಜ್ಞ. ಮಜ್ರಾದ ಒಡೆಯನಿಗೆ, ಇಲ್ಲಿಯವರ ಮಾತಿನಲ್ಲಿ ಅರ್ಬಾಬನಿಗೆ, ಒಬ್ಬ ಮ್ಯಾನೇಜರ್ ಇದ್ದ. ಆಡುಗಳ ಮೈತುಂಬ ಉಣುಗು ಎಂದು ಅವನು ನಮ್ಮ ಕಚೇರಿಗೆ ಬಂದಿದ್ದ. ಉಣುಗು ಕಚ್ಚಿದರೆ ಮನುಷ್ಯರಿಗೆ ರಕ್ತ ಸುರಿಯುವ ಜ್ವರ ಬರಬಹುದು ಎಂದು ಯಾರೋ ಅವನಿಗೆ ಹೆದರಿಸಿದ್ದರು. ಹೆದರಿಸಿದವರು ಸುಳ್ಳೇನೂ ಹೇಳಿರಲಿಲ್ಲ. ಅವನ ಪ್ರಶ್ನೆ ಸರಳ. ಉಣುಗು ಇರುವುದು ಪ್ರಾಣಿಯ ಮೈಮೇಲೆ ಮಾತ್ರವೋ, ದೊಡ್ಡಿಯ ನೆಲ ಗೋಡೆಯಲ್ಲೂ ಉಂಟೋ? ಮೈಮೇಲೆ ಮಾತ್ರ ಎಂದಾದರೆ ಔಷಧಿ ಹೊಡೆಸಿದರೆ ಮುಗಿಯಿತು. ಗೋಡೆಯಲ್ಲೂ ಉಂಟು ಎಂದಾದರೆ ಕಾವಲಿನವನನ್ನು ಅಲ್ಲಿ ಮಲಗಿಸುವಂತಿಲ್ಲ. ದೂರದಲ್ಲಿ ಅವನಿಗೊಂದು ಕ್ಯಾಬಿನ್ ತರಿಸಿ ಇಡಬೇಕು.

ನಮ್ಮ ಮೇಡಂ ಮೈಸೂರಿನವರು, ಪಶುವೈದ್ಯೆ. ಕೆಲಸದಲ್ಲಿ ಕಟ್ಟುನಿಟ್ಟು. "ಒಂದೇ ಮೆಥಡ್ ನಂಬ್ಕೊಂಡು ಹೇಳೋಕಾಗಲ್ಲ ರೀ," ಎಂದರು. "ಮೂರೂ ಮಾಡಿ, ಕಂಪೇರ್ ಮಾಡೋಣ. ಬಟ್ಟೆ ಎಳೆಯೋದು, ಡ್ರೈ ಐಸ್ ಇಡೋದು, ಪ್ರಾಣಿ ಮೈ ಚೆಕ್ ಮಾಡೋದು. ಯಾವುದೇ ಆಗ್ಲಿ, ಪ್ರತಿ ಸಲ ಒಂದೊಂದು ಗಂಟೆ. ಗಂಟೆ ಅಂದ್ರೆ ಗಂಟೆ, ಐವತ್ತು ನಿಮಿಷ ಅಲ್ಲ."

ಬಟ್ಟೆಯ ಮಾತು ಬಂದಾಗ ನನ್ನ ಎದೆ ಉಬ್ಬಿತ್ತು. ಇಲ್ಲಿಗೆ ಬರುವ ಮೊದಲು ಊರಿನಲ್ಲಿ ಮಂಗನ ಕಾಯಿಲೆಯ ಕೆಲಸಕ್ಕೆ ಕಾಡಂಚಿನಲ್ಲಿ ಮೂರು ವರ್ಷ ಬಟ್ಟೆ ಎಳೆದವನು ನಾನು. ಒದ್ದೆ ತರಗೆಲೆಯ ಮೇಲೆ ಬಟ್ಟೆ ಹರಿಸಿ ಮಗುಚಿದರೆ ಸಾಕು, ಸಾಸಿವೆಯ ಹಾಗೆ ಮರಿ ಉಣುಗುಗಳು. "ಬಟ್ಟೆಯಲ್ಲಿ ನನ್ನನ್ನು ಮೀರಿಸುವವರು ಬಹರೈನಿನಲ್ಲಿ ಯಾರೂ ಇಲ್ಲ ಮೇಡಂ" ಎಂದು ಜಂಭ ಕೊಚ್ಚಿದ್ದೆ. ಆ ಜಂಭ ಅಸ್ಕರ್‌ನ ಮರಳಿನಲ್ಲಿ ಮೂರೇ ದಿನದಲ್ಲಿ ಒಣಗಿಹೋಯಿತು. ನಮ್ಮ ಕಾಡಿನ ಉಣುಗು ಎಲೆಯ ತುದಿಯಲ್ಲಿ ಕಾಲು ಚಾಚಿ ಕಾಯುತ್ತದೆ. ಇಲ್ಲಿ ಎಲೆಯೇ ಇಲ್ಲದ ಮೇಲೆ ಅದು ಎಲ್ಲಿ ಕಾಯಬೇಕು? ಎರಡನೆಯ ದಿನವೂ ಸೊನ್ನೆ, ಮೂರನೆಯ ದಿನವೂ ಸೊನ್ನೆ. ಮೇಡಂ ಹಾಳೆ ನೋಡಿ, "ಏನ್ರೀ, ಚಾಂಪಿಯನ್ನು?" ಎಂದರು. ಅವಮಾನದಿಂದ ಕಿವಿ ಬಿಸಿಯಾಯಿತು.

ಆಮೇಲೆ ಡ್ರೈ ಐಸ್, ಉಣುಗನ್ನು ಹತ್ತಿರ ಸೆಳೆಯಲಿಕ್ಕೆ. ಅದು ಸಿಗುವುದು ಸಿತ್ರಾದ ಒಂದು ಗ್ಯಾಸಿನ ಅಂಗಡಿಯಲ್ಲಿ. ಮೊದಲ ದಿನ ಪೆಟ್ಟಿಗೆಯನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಕಿಟಕಿ ಏರಿಸಿ, ಎಸಿ ಹಾಕಿಕೊಂಡು ಹೊರಟೆ. ಹತ್ತು ನಿಮಿಷಕ್ಕೆ ತಲೆ ಭಾರ, ಕಣ್ಣು ಮಂಜು. ಆಗ ಹೊಳೆಯಿತು. ಡ್ರೈ ಐಸ್ ಕರಗಿದರೆ ನೀರಾಗುವುದಿಲ್ಲ; ನಾವು ಉಸಿರು ಬಿಟ್ಟಾಗ ಹೊರಗೆ ಬರುವ ಅದೇ ಗಾಳಿಯಾಗುತ್ತದೆ. ಮುಚ್ಚಿದ ಕಾರಿನಲ್ಲಿ ಅದನ್ನೇ ಕುಡಿಯುತ್ತಾ ಕೂತಿದ್ದೆ ನಾನು. ಗಾಡಿ ಬದಿಗೆ ಹಾಕಿ ನಾಲ್ಕೂ ಬಾಗಿಲು ತೆರೆದು ನಿಂತೆ. ಮತ್ತೆ ಕಿಟಕಿ ಇಳಿಸಿಕೊಂಡು ಅಸ್ಕರ್ ತಲುಪುವಷ್ಟರಲ್ಲಿ ಬಿಸಿಗಾಳಿಗೆ ಅರ್ಧ ಐಸ್ ಮಾಯ. ಎರಡನೆಯ ದಿನ ಒಂದು ಹೋತ ಪೆಟ್ಟಿಗೆಯನ್ನು ಗುಮ್ಮಿ ಉರುಳಿಸಿ, ಅಂಟು ಟೇಪನ್ನು ಅಗಿದು ತಿಂದಿತು. ನಾನು ಹೋತಕ್ಕೆ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಮೂರನೆಯ ದಿನ ಎಲ್ಲ ಸರಿಹೋಯಿತು. ದೊಡ್ಡಿಯ ಅಂಗಳದ ನಡುವೆ ಬಿಳಿ ಬಟ್ಟೆ ಹಾಸಿ, ಅಂಚಿಗೆ ಎರಡೂ ಬದಿ ಅಂಟುವ ಟೇಪ್ ಸುತ್ತಿ, ನಡುವೆ ತೂತು ಮಾಡಿದ ಥರ್ಮೊಕೋಲ್ ಪೆಟ್ಟಿಗೆ ಇಟ್ಟೆ. ಐದು ನಿಮಿಷ ಏನೂ ಇಲ್ಲ. ಆಮೇಲೆ ಬಂದವು. ನಡೆದು ಬರಲಿಲ್ಲ, ಓಡಿ ಬಂದವು. ಪಟ್ಟೆಪಟ್ಟೆ ಕಾಲಿನ, ಹುಣಿಸೆ ಬೀಜದ ಬಣ್ಣದ ಉಣುಗುಗಳು ಮರಳಿನ ಮೇಲೆ ಗೆರೆ ಎಳೆದ ಹಾಗೆ ನೆಟ್ಟಗೆ ಪೆಟ್ಟಿಗೆಯ ಕಡೆಗೇ ಓಡಿದವು. ಅಷ್ಟು ವರ್ಷ ಉಣುಗಿನ ಕೆಲಸ ಮಾಡಿದ ನಾನು ಉಣುಗು ಓಡುವುದನ್ನು ನೋಡಿದ್ದು ಅದೇ ಮೊದಲು. ಮೈ ಜುಂ ಎಂದಿತು. ಒಂದು ಗಂಟೆಗೆ ಮೂವತ್ತೊಂದು ಸಿಕ್ಕಿದವು. ಚಿಮಟದಲ್ಲಿ ಎತ್ತಿ ಎತ್ತಿ ಸ್ಪಿರಿಟಿನ ಸೀಸೆಗೆ ಹಾಕಿ, ಪೆನ್ಸಿಲಿನಲ್ಲಿ ಚೀಟಿ ಬರೆದೆ. ಪೆನ್ನಿನಲ್ಲಿ ಬರೆದರೆ ಸ್ಪಿರಿಟಿಗೆ ಶಾಯಿ ಬಿಟ್ಟುಕೊಂಡು ಎಲ್ಲಿಯ ಉಣುಗು ಎಂದೇ ಗೊತ್ತಾಗುವುದಿಲ್ಲ.

ಕಾವಲಿನವ ದೂರದಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದ. "ಈ ಬರ್ಫ್ ಎಲ್ಲ ಯಾಕೆ ಸಾಬ್?" ಎಂದ. "ನಾನು ಇಲ್ಲಿ ಮಲಗಿದರೆ ಸಾಕು. ಹೀಗೇ ಓಡಿ ಬರುತ್ತವೆ."

ನಾನು ನಗಲಿಲ್ಲ. ಅವನು ಹೇಳಿದ್ದು ಅಕ್ಷರಶಃ ನಿಜ. ಅವನ ಉಸಿರಿಗೂ ನನ್ನ ಐಸಿಗೂ ಉಣುಗಿನ ಮಟ್ಟಿಗೆ ವ್ಯತ್ಯಾಸವಿಲ್ಲ. "ನಿಮಗೆ ಬೇಕಾದರೆ ನಾನೇ ಹಿಡಿದು ಕೊಡುತ್ತೇನೆ" ಎಂದೂ ಅಂದ. ಬೇಡವೇ ಬೇಡ ಎಂದು ಗದರಿಸಿ, ಒಂದು ಡಬ್ಬಿ ಕೈಗವಸು, ಅಂದರೆ ರಬ್ಬರ್ ಗ್ಲೌಸ್ ಕೊಟ್ಟೆ. ಅದನ್ನು ಹಾಕಿಕೊಂಡರೆ ಹಾಲು ಕರೆಯಲಿಕ್ಕೆ ಆಗುವುದಿಲ್ಲ ಎಂದು ಅವನು ಅದನ್ನು ಕೋಣೆಯಲ್ಲಿ ಜೋಪಾನವಾಗಿ ಎತ್ತಿಟ್ಟ.

ನಾನು ಮಾತ್ರ ಸಂಜೆ ಮನೆಗೆ ಹೋದರೆ ಬಾಗಿಲಲ್ಲೇ ತಡೆ. ಹೆಂಡತಿ ಟಾರ್ಚ್ ಹಿಡಿದು ನನ್ನ ಕತ್ತು, ಕಿವಿಯ ಹಿಂದೆ, ತಲೆಗೂದಲು ಎಲ್ಲ ತಪಾಸಣೆ ಮಾಡಿ, "ಬಟ್ಟೆ ಎಲ್ಲ ಆ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ. ನಾನು ಮುಟ್ಟುವುದಿಲ್ಲ ಮಾರಾಯ್ರೆ, ನಿಮ್ಮ ಉಣುಗಿನ ಸಹವಾಸ ಯಾರಿಗೆ ಬೇಕು?" ಎನ್ನುತ್ತಿದ್ದಳು. ಆ ಹೊತ್ತಿಗೆ ಕಾವಲಿನವನನ್ನು ಟಾರ್ಚ್ ಹಿಡಿದು ನೋಡುವವರು ಯಾರೂ ಇರಲಿಲ್ಲ. ಅದು ನನಗೆ ಆಗಲೇ ಹೊಳೆದಿತ್ತು ಎಂದರೆ ಸುಳ್ಳಾಗುತ್ತದೆ.

ಉಳಿದದ್ದು ಮೂರನೆಯ ವಿಧಾನ, ಪ್ರಾಣಿಗಳ ಮೈ ಪರೀಕ್ಷೆ. ಇಲ್ಲೇ ನಾನು ಎಡವಿದ್ದು.

ಮುಂದಿನ ವಾರ ಹೋದಾಗ ಅವನು ಆಡನ್ನು ಎರಡು ತೊಡೆಯ ನಡುವೆ ಇರುಕಿಸಿ ಹಿಡಿದುಕೊಂಡ. ನಾನು ಕಿವಿ, ಕಂಕುಳು, ಕೆಚ್ಚಲು, ಬಾಲದ ಬುಡ ಹೀಗೆ ಕ್ರಮವಾಗಿ ಬೆರಳಾಡಿಸಿ ನೋಡಬೇಕು. ಶುರುಮಾಡುವ ಮೊದಲು ಅವನು, "ಕಲ್ ದವಾ, ಸಾಬ್. ಸಬ್ ಬಕ್ರಿ" ಎಂದ.

ದವಾ ಅಂದರೆ ಔಷಧಿ. ಕಲ್ ಅಂದರೆ ನಾಳೆ. ಎಲ್ಲ ಆಡುಗಳಿಗೂ ನಾಳೆ ಉಣುಗಿನ ಔಷಧಿ ಹೊಡೆಯುತ್ತಾರೆ. ನಾನು ತಿಳಿದುಕೊಂಡದ್ದು ಹೀಗೆ. ಔಷಧಿ ಹೊಡೆದ ಮೇಲೆ ಎಣಿಸಿ ಏನು ಫಲ? ಸದ್ಯ, ಮೊದಲೇ ಹೇಳಿದನಲ್ಲ ಎಂದು ಅವನ ಬೆನ್ನು ತಟ್ಟಿ, ಎರಡು ದಿನದಲ್ಲಿ ಮಾಡಬೇಕಾದ ಕೆಲಸವನ್ನು ಒಂದೇ ದಿನ ಮಾಡಿದೆ. ಮಧ್ಯಾಹ್ನದ ಊಟವನ್ನೂ ಬಿಟ್ಟೆ. ಸೊಂಟ ಬಿದ್ದುಹೋಯಿತು. ಇಪ್ಪತ್ತು ಆಡಿನಲ್ಲಿ ಸಿಕ್ಕಿದ್ದು ಎರಡೇ ಉಣುಗು, ಅವೂ ಸತ್ತ ಹಾಗಿದ್ದವು.

ನನಗೆ ಆಶ್ಚರ್ಯವಾಗಬೇಕಿತ್ತು. ಮೊದಲ ದಿನ ಅವನು ನನ್ನ ಕಣ್ಣೆದುರೇ ಕಿವಿಯಿಂದ ಕಿತ್ತು ತೋರಿಸಿದ್ದನಲ್ಲ? ಆದರೆ ಒಂದು ಗಂಟೆಗೆ ಒಂದು ಗಂಟೆ ಲೆಕ್ಕ ಹಾಕಿ ಹೋಲಿಸುವ ಚಟ ಹತ್ತಿದವನಿಗೆ ಕಣ್ಣಿಗಿಂತ ಹಾಳೆಯ ಮೇಲೆ ನಂಬಿಕೆ. ನಾನು ತರ್ಕ ಹೂಡಿದೆ. ಪ್ರಾಣಿಯ ಮೈಮೇಲೆ ಉಣುಗು ಇಲ್ಲ ಎಂದಾದರೆ ದೊಡ್ಡಿಯೊಳಗೆ ಅದರ ಸಂಸಾರ ನಡೆಯುತ್ತಿಲ್ಲ. ಹಾಗಾದರೆ ಡ್ರೈ ಐಸಿಗೆ ಬಂದ ಮೂವತ್ತೊಂದು? ಅವು ಹೊರಗಿನ ಬಯಲಿನಿಂದ ವಾಸನೆ ಹಿಡಿದು ಬಂದವು. ಎಷ್ಟು ಚಂದದ ತರ್ಕ! ಒಂದು ಕಡೆಯೂ ಬಿರುಕಿಲ್ಲ.

ಮೇಡಂ ಬಿಡಲಿಲ್ಲ. "ಔಷಧಿ ಹಿಸ್ಟರಿ ಕೇಳಿದ್ರಾ?"

"ಕೇಳಿದ್ದೇನೆ ಮೇಡಂ. ಔಷಧಿ ಮರುದಿನ ಇತ್ತು. ಅದಕ್ಕೆ ಮೊದಲೇ ಎಲ್ಲ ಮುಗಿಸಿಬಿಟ್ಟೆ, ಊಟ ಸಹ ಮಾಡದೆ."

"ಗುಡ್" ಎಂದರು. ಅವರ ಬಾಯಿಂದ ಆ ಶಬ್ದ ವರ್ಷಕ್ಕೊಂದು ಸಲ ಬಂದರೆ ಹೆಚ್ಚು. ವರದಿ ತಯಾರಾಯಿತು. ದೊಡ್ಡಿಯ ಒಳಗೆ ಉಣುಗು ನೆಲೆಸಿದ ಲಕ್ಷಣವಿಲ್ಲ, ಕಾವಲಿನವನ ಕೋಣೆಯನ್ನು ಸ್ಥಳಾಂತರಿಸುವ ಅಗತ್ಯ ಕಂಡುಬರುವುದಿಲ್ಲ. ಕ್ಷೇತ್ರದ ಕೆಲಸಕ್ಕೆ ನಾನು ಸಹಿ ಹಾಕಿದೆ, ಕೊನೆಗೆ ಮೇಡಂ ಹಾಕಿದರು. ಆ ಮ್ಯಾನೇಜರ್ ಕ್ಯಾಬಿನಿಗೆ ಕೊಟ್ಟಿದ್ದ ಆರ್ಡರನ್ನು ಅಂದೇ ರದ್ದು ಮಾಡಿಸಿದ.

ಹದಿನೆಂಟು ದಿನ ಕಳೆಯಿತು. ಒಂದು ಬೆಳಿಗ್ಗೆ ಅಸ್ಕರ್‌ನಲ್ಲಿ ಬಿಟ್ಟುಬಂದಿದ್ದ ಥರ್ಮೊಕೋಲ್ ಪೆಟ್ಟಿಗೆಗಳನ್ನು ತರಲು ಹೋದೆ. ಹತ್ತು ಗಂಟೆಯಾದರೂ ಆಡುಗಳಿಗೆ ಮೇವು ಹಾಕಿರಲಿಲ್ಲ. ಅವು ಬೇಲಿಗೆ ಬಂದು ಅರಚುತ್ತಿದ್ದವು. ಕೋಣೆಯ ಬಾಗಿಲು ತಳ್ಳಿದೆ. ಅವನು ಗೋಡೆಯ ಕಡೆ ಮುಖಮಾಡಿ ಮಂಚದ ಮೇಲೆ ಮುದುಡಿದ್ದ. ಆ ಸೆಕೆಯಲ್ಲೂ ಕಂಬಳಿ ಹೊದ್ದಿದ್ದ. ನನ್ನನ್ನು ನೋಡಿ ಏಳಲು ಹೋಗಿ ಆಗದೆ, "ಕಲ್ ಬುಖಾರ್, ಸಾಬ್" ಎಂದ.

ಬುಖಾರ್ ಅಂದರೆ ಜ್ವರ. ನಾಳೆ ಜ್ವರ ಬರುತ್ತದೆ ಎಂದು ಇವತ್ತು ಯಾರೂ ಹೇಳುವುದಿಲ್ಲ.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ನಮ್ಮ ಭಾಷೆಯಲ್ಲಿ ನಿನ್ನೆ ಬೇರೆ, ನಾಳೆ ಬೇರೆ. ತುಳುವಿನಲ್ಲೂ ಹಾಗೆಯೇ, ಕೋಡೆ ಬೇರೆ, ಎಲ್ಲೆ ಬೇರೆ. ಹಿಂದಿಯಲ್ಲಿ ಎರಡಕ್ಕೂ ಒಂದೇ ಶಬ್ದ, ಯಾವುದು ಎಂದು ಹೇಳುವುದು ಕ್ರಿಯಾಪದ. ಇಪ್ಪತ್ತು ವರ್ಷ ಕೊಲ್ಲಿಯಲ್ಲಿ ಹಿಂದಿ ಮಾತಾಡಿದ ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಇಲ್ಲಿ ಎಲ್ಲರೂ ಎಲ್ಲರ ಜೊತೆ ಆಡುವ ಹಿಂದಿಯಲ್ಲಿ ಕ್ರಿಯಾಪದವೇ ಇರುವುದಿಲ್ಲ. ನನ್ನಂಥವರಿಗೆ ಅರ್ಥವಾಗಲಿ ಎಂದು ಅವನು ತನ್ನ ಚಂದದ ಮಾತೃಭಾಷೆಯನ್ನು ಮುರಿದು ಎರಡೆರಡೇ ಶಬ್ದ ಮಾಡಿ ಕೊಡುತ್ತಿದ್ದ. ನಾನು ಅದರಲ್ಲಿ ನನಗೆ ಅನುಕೂಲವಾದದ್ದನ್ನು ಹೆಕ್ಕಿಕೊಂಡಿದ್ದೆ.

"ಆವತ್ತು ದವಾ ಹೊಡೆದದ್ದು ಯಾವಾಗ? ನಾನು ಆಡು ನೋಡಲು ಬಂದೆನಲ್ಲ, ಅದರ ಮೊದಲಾ, ಆಮೇಲಾ?"

"ಮೊದಲು, ಸಾಬ್. ಹಿಂದಿನ ದಿನ." ಉಸಿರು ಎಳೆದುಕೊಂಡು ಹೇಳಿದ. "ನಿಮಗೆ ಹೇಳಿದ್ದೆನಲ್ಲ."

ಹೌದು, ಹೇಳಿದ್ದ. ನಾನು ಎಣಿಸಿದ್ದು ಹಿಂದಿನ ದಿನವಷ್ಟೇ ಔಷಧಿಯಲ್ಲಿ ತೊಯ್ದ ಆಡುಗಳನ್ನು. ಔಷಧಿ ಆಡಿನ ಮೈಗೆ ಹೊಡೆದದ್ದು, ಗೋಡೆಗಲ್ಲ. ರಕ್ತ ಕುಡಿದು ಉದುರಿದ ಮರಿ ಉಣುಗುಗಳು ಬಿರುಕಿನೊಳಗೆ ಸೇರಿ ಪೊರೆ ಬಿಟ್ಟು ದೊಡ್ಡದಾಗುತ್ತವೆ, ಹಸಿದು ಹೊರಗೆ ಬರುತ್ತವೆ. ಅದನ್ನು ನಾನೇ ಮೇಡಂಗೆ ಚಿತ್ರ ಬರೆದು ವಿವರಿಸಿದ್ದೆ.

ಅವನ ಹಣೆ ಮುಟ್ಟಬೇಕೆಂದು ಕೈ ಚಾಚಿದವನು ತಡೆದು, ಕಪಾಟಿನ ಮೇಲಿದ್ದ ಕೈಗವಸಿನ ಡಬ್ಬಿ ತೆಗೆದೆ. ನಾನು ಕೊಟ್ಟದ್ದೇ, ಒಂದು ಜೊತೆಯೂ ಖರ್ಚಾಗಿರಲಿಲ್ಲ. ಕೈಗವಸು ಹಾಕಿಕೊಂಡು, ಮುಖಕ್ಕೆ ಮಾಸ್ಕ್ ಕಟ್ಟಿ ಮುಟ್ಟಿದೆ. ಮೈ ಕೆಂಡ. ಒಸಡಿನ ಅಂಚಿನಲ್ಲಿ ತೆಳ್ಳಗೆ ರಕ್ತ. ಅವನು ಅರ್ಬಾಬನಿಗೆ ಫೋನ್ ಮಾಡಿ ಕೇಳಿಯೇ ಹೊರಡುತ್ತೇನೆಂದು ಹಟ ಹಿಡಿದ. "ಕೇಳುವುದೆಲ್ಲ ಆಮೇಲೆ. ನಿನ್ನ ಸಿಪಿಆರ್ ಕಾರ್ಡ್ ಎಲ್ಲುಂಟು? ಏಳು" ಎಂದೆ. ದಿಂಬಿನ ಕೆಳಗಿಂದ ಗುರುತಿನ ಕಾರ್ಡ್ ತೆಗೆದುಕೊಟ್ಟ. ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ನಾಲ್ಕೂ ಕಿಟಕಿ ಇಳಿಸಿ ಹೊರಟೆ. ದಾರಿಯುದ್ದಕ್ಕೂ ಅವನು ಕೇಳಿದ್ದು ಒಂದೇ: ಆಡುಗಳಿಗೆ ಮೇವು ಯಾರು ಹಾಕುತ್ತಾರೆ?

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಡಾಕ್ಟರ್ ಮೊದಲು ಕೇಳಿದ ಪ್ರಶ್ನೆ: ಇವನಿಗೆ ಉಣುಗಿನ ಸಂಪರ್ಕ ಉಂಟೇ?

ನಾನು ಸಹಿ ಹಾಕಿದ ಕಾಗದ ಇಲ್ಲ ಎನ್ನುತ್ತಿತ್ತು. ಕೆಲಸ ಹೋಗಬಹುದು, ವೀಸಾ ಹೋಗಬಹುದು, ಮಗಳ ಪರೀಕ್ಷೆ ಹತ್ತಿರದಲ್ಲಿದೆ. ಒಂದು ಕ್ಷಣದಲ್ಲಿ ಇದೆಲ್ಲ ತಲೆಯೊಳಗೆ ಹಾದುಹೋಯಿತು. ಅದಕ್ಕಾಗಿ ಇವತ್ತಿಗೂ ನನಗೆ ನಾಚಿಕೆ.

"ಉಂಟು. ಅವನು ಮಲಗುವ ಕೋಣೆಯಲ್ಲೇ ಉಂಟು" ಎಂದೆ. ಅವನನ್ನು ತಕ್ಷಣ ಬೇರೆ ಕೋಣೆಗೆ ಒಯ್ದು ಬಾಗಿಲು ಹಾಕಿದರು. ಗಾಜಿನಾಚೆಯಿಂದ ಅವನು ಕೈ ಎತ್ತಿ ತೋರಿಸಿದ.

ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿದೆ. ಸುತ್ತಿಬಳಸದೆ ಹೇಳಿದೆ.

"ರಿಪೋರ್ಟ್ ಹೋಗಿ ಎಷ್ಟು ದಿನ ಆಯ್ತು ರೀ?"

"ಹದಿನೆಂಟು."

"ಒಂದು ಪದ. ಒಂದೇ ಒಂದು ಪದಾನ ಎರಡು ಸಲ ಕೇಳೋಕೆ ಏನಾಗಿತ್ತು ನಿಮಗೆ?" ಅವರು ನನಗೆ ಬೈಯಲಿ ಎಂದೇ ನಾನು ಕಾಯುತ್ತಿದ್ದೆ. ಬೈದರು. ಆಮೇಲೆ, "ನಾನೂ ಸೈನ್ ಹಾಕಿದ್ದೀನಲ್ಲ. ವಾಪಸ್ ತಗೊಳ್ಳೋಣ. ಇವತ್ತೇ" ಎಂದರು.

ವರದಿಯನ್ನು ಹಿಂದಕ್ಕೆ ಪಡೆದೆವು. ಕೋಣೆಯಲ್ಲಿ ಯಾರನ್ನೂ ಮಲಗಿಸಬಾರದು ಎಂದು ಅಂದೇ ಬರೆದುಕೊಟ್ಟೆವು. ಮ್ಯಾನೇಜರ್ ಒಪ್ಪಲಿಲ್ಲ. "ಆವತ್ತು ಇಲ್ಲ ಅಂದವರೂ ನೀವೇ, ಇವತ್ತು ಉಂಟು ಅನ್ನುವವರೂ ನೀವೇ. ಯಾವುದನ್ನು ನಂಬಲಿ? ತೋರಿಸಿ" ಎಂದ. ಮೊದಲಿನಿಂದ ಎಲ್ಲವನ್ನೂ ಮತ್ತೆ ಮಾಡಬೇಕಾಯಿತು. ಬಟ್ಟೆ, ಐಸ್, ಪ್ರಾಣಿಯ ಮೈ. ಈ ಸಲ ನಾಲ್ಕನೆಯದೊಂದನ್ನು ಸೇರಿಸಿದೆವು, ಗೋಡೆಯ ಬಿರುಕನ್ನು ಕೈಯಾರೆ ಕೆದಕಿ ನೋಡುವುದು. ಅದು ಹಳೆಯ ಕಾಲದ, ಬೇಸರದ ಕೆಲಸವೆಂದು ಮೊದಲ ಸಲ ಬಿಟ್ಟಿದ್ದೆವು.

ಬಟ್ಟೆಗೆ ಮತ್ತೆ ಸೊನ್ನೆ. ಪ್ರಾಣಿಯ ಮೈಮೇಲೆ ಔಷಧಿಯ ಶಕ್ತಿ ಇಳಿದಿತ್ತು, ಕಿವಿಗಳಲ್ಲಿ ಉಣುಗು ಮತ್ತೆ ಹತ್ತತೊಡಗಿತ್ತು. ಐಸಿಗೆ ಅಂಗಳದಲ್ಲಿ ಹಿಂದಿನಷ್ಟೇ ಬಂದವು. ಬೇಲಿಯ ಹೊರಗೆ ಬಯಲಿನಲ್ಲಿ ಇಟ್ಟ ಪೆಟ್ಟಿಗೆಗೆ ಒಂದೂ ಬರಲಿಲ್ಲ. ಆ ಹೊರಗಿನ ಪೆಟ್ಟಿಗೆಯನ್ನು ನಾನು ಮೊದಲ ಸಲವೇ ಇಟ್ಟಿದ್ದರೆ ಸಾಕಿತ್ತು.

ಅವನು ಆಸ್ಪತ್ರೆ ಸೇರಿದ ಎಂಟನೆಯ ದಿನ ನಾನು ಅವನ ಕೋಣೆಯ ಗೋಡೆಗೆ ಕೂತೆ. ಬಿಳಿ ಮೇಲಂಗಿ, ಎರಡು ಪದರ ಕೈಗವಸು, ಕಾಲುಚೀಲದ ಮೇಲೆ ಅಂಟು ಟೇಪ್. ಟಾರ್ಚ್ ಹಿಡಿದು, ಇಟ್ಟಿಗೆಗಳ ಸಂದಿಗೆ ತಂತಿ ತೂರಿಸಿ, ಹೊರಬಂದದ್ದನ್ನು ಚಿಮಟದಲ್ಲಿ ಹಿಡಿಯಬೇಕು. ಮಂಚದ ತಲೆಯ ಕಡೆಯ ಮೊದಲ ಸಂದಿಯಲ್ಲೇ ಒಂಬತ್ತು. ಅದರ ಪಕ್ಕದ್ದರಲ್ಲಿ ಆರು. ದಿಂಬಿನಿಂದ ಒಂದು ಗೇಣು ದೂರ. ಇಪ್ಪತ್ತು ನಿಮಿಷದಲ್ಲಿ ಮೊದಲ ಸೀಸೆ ತುಂಬಿತು.

ಎರಡನೆಯ ಸೀಸೆ ಇಡಲು ಕಪಾಟಿನಲ್ಲಿ ಜಾಗ ಮಾಡುತ್ತಿದ್ದಾಗ ಅಲ್ಲೊಂದು ನೀರಿನ ಬಾಟಲಿ ಕಂಡಿತು. ಮುಚ್ಚಳ ಬಿಗಿಯಾಗಿ ತಿರುಪಿತ್ತು. ತಳದಲ್ಲಿ ಎರಡು ಬೆರಳು ದಪ್ಪಕ್ಕೆ ಕಾಳು ತುಂಬಿದ ಹಾಗೆ ಏನೋ ಇತ್ತು. ಬೆಳಕಿಗೆ ಹಿಡಿದೆ. ಉಣುಗು. ಒಣಗಿದ್ದು, ಇನ್ನೂ ಕಾಲಾಡಿಸುತ್ತಿದ್ದದ್ದು, ಎಲ್ಲ. ನನಗೆ ಬೇಕಾಗುತ್ತದೆ ಎಂದು ಅವನು ಹಿಡಿದಿಟ್ಟಿದ್ದ. ನಾನು ಮತ್ತೆ ಬರುತ್ತೇನೆ ಎಂದು ಕಾದಿದ್ದ. ಕೈಗವಸನ್ನು ಹಾಳು ಮಾಡದೆ, ಬರಿಗೈಯಲ್ಲಿ. ಅಯ್ಯೋ ದೇವರೇ, ಎಂದು ನೆಲದ ಮೇಲೆ ಕೂತುಬಿಟ್ಟೆ.

ಆಗಲೇ ಫೋನ್ ಬಂತು. ಮೇಡಂ. "ಹೋಗ್ಬಿಟ್ರಂತೆ ರೀ. ಆಸ್ಪತ್ರೆಯವ್ರು ಈಗ ಹೇಳಿದ್ರು. ಅದೇ ಜ್ವರ ಅಂತ ಟೆಸ್ಟ್‌ನಲ್ಲೂ ಬಂದಿದೆ. ಬಿಟ್ಟು ಬನ್ನಿ, ಸಾಕು."

"ಗಂಟೆ ಆಗಲಿಲ್ಲ ಮೇಡಂ," ಎಂದೆ. "ಇನ್ನು ಮೂವತ್ತೆರಡು ನಿಮಿಷ ಉಂಟು."

ಅವರು ಫೋನ್ ಇಟ್ಟರು. ನಾನು ಗಂಟೆ ಪೂರ್ತಿ ಮಾಡಿದೆ. ಕನ್ನಡಕದೊಳಗೆ ಕಣ್ಣೀರು ಇಳಿದು ಟಾರ್ಚಿನ ಬೆಳಕು ಒಡೆದೊಡೆದು ಕಾಣುತ್ತಿತ್ತು. ಕೈಗವಸು ಹಾಕಿದ ಕೈಯಲ್ಲಿ ಒರೆಸಿಕೊಳ್ಳುವಂತೆಯೂ ಇಲ್ಲ. ಅಳುತ್ತಲೇ ಎಣಿಸಿದೆ. ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದೆ: ಮಲಗುವ ಕೋಣೆ, ದೊಡ್ಡಿಯ ಬದಿಯ ಗೋಡೆ, ಅರುವತ್ತು ನಿಮಿಷ.

ಬಾಟಲಿಯನ್ನು ಕಚೇರಿಗೆ ತಂದು ಮೇಜಿನ ಮೇಲಿಟ್ಟೆ. ಮೇಡಂ ಬಹಳ ಹೊತ್ತು ನೋಡಿದರು. "ಇದನ್ನ ಟೇಬಲ್‌ಗೆ ಹಾಕೋ ಹಾಗಿಲ್ಲ," ಎಂದರು ಮೆಲ್ಲಗೆ. "ಎಷ್ಟು ಹೊತ್ತು ಹಿಡಿದ್ರು, ಯಾವಾಗ ಹಿಡಿದ್ರು, ಏನೂ ಗೊತ್ತಿಲ್ಲ." ಅದು ಸರಿಯಾದ ಮಾತು. ಅವರು ಇನ್ನೊಂದು ಮಾತನ್ನೂ ಹೇಳಿದರು. ಅವನಿಗೆ ಕಚ್ಚಿದ ಉಣುಗು ಎಲ್ಲಿಯದಾದರೂ ಆಗಿರಬಹುದು, ಆಡಿನ ರಕ್ತ ಮುಟ್ಟಿಯೂ ಬಂದಿರಬಹುದು, ಎಲ್ಲವನ್ನೂ ನಿಮ್ಮ ತಲೆಯ ಮೇಲೆ ಹಾಕಿಕೊಳ್ಳಬೇಡಿ ಎಂದು. ಅದೂ ಸರಿಯಿರಬಹುದು. ಆದರೆ ಅವನು ಆ ಹದಿನೆಂಟು ದಿನ ಆ ಗೋಡೆಯ ಪಕ್ಕ ಮಲಗಿದ್ದು ನನ್ನ ಸಹಿಯಿಂದ. ಅದರಲ್ಲಿ ಇರಬಹುದು ಗಿರಬಹುದು ಇಲ್ಲ.

ಹೊಸ ವರದಿಯ ಜೊತೆಗೆ ಗೋಡೆಯ ಸೀಸೆಗಳನ್ನೂ ಒಯ್ದು ಮ್ಯಾನೇಜರನ ಮುಂದಿಟ್ಟೆವು. ಮೂರನೆಯ ದಿನ ಕ್ಯಾಬಿನ್ ಬಂತು. ದೊಡ್ಡಿಯಿಂದ ನೂರು ಹೆಜ್ಜೆ ಆಚೆ, ನಾವು ಗುರುತು ಹಾಕಿದ ಜಾಗದಲ್ಲಿ ಕ್ರೇನಿನ ಲಾರಿ ಅದನ್ನು ಇಳಿಸಿತು. ನಾನು ಗಡಿಯಾರ ನೋಡಿದೆ. ಇಳಿಸಿ, ಸರಿಯಾಗಿ ಕೂರಿಸಿ, ಸರಪಳಿ ಬಿಚ್ಚಿಕೊಂಡು ಹೋಗಲು ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ.

ಹೊಸ ಕಾವಲಿನವ ಬಂದದ್ದು ಅದೇ ಮಧ್ಯಾಹ್ನ. ತೀರಿಕೊಂಡವನ ತಮ್ಮ. ಅದುವರೆಗೆ ಟುಬ್ಲಿಯ ಒಂದು ಗ್ಯಾರೇಜಿನಲ್ಲಿದ್ದನಂತೆ. ಅಣ್ಣ ನೋಡಿಕೊಂಡಿದ್ದ ಆಡುಗಳನ್ನು ತಾನೇ ನೋಡಿಕೊಳ್ಳುತ್ತೇನೆಂದು ಕೇಳಿಕೊಂಡು ಬಂದಿದ್ದ. ಹಾಸಿಗೆಯ ಸುರುಳಿ ಕಂಕುಳಲ್ಲಿತ್ತು. ನನ್ನ ಕೈ ಹಿಡಿದುಕೊಂಡು, ನೀವು ಅಣ್ಣನನ್ನು ನಿಮ್ಮ ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ದಿರಿ, ನಮ್ಮವರು ಯಾರೂ ಅಷ್ಟು ಮಾಡಲಿಲ್ಲ ಎಂದ. ನನಗೆ ತಡೆಯಲಾಗಲಿಲ್ಲ. ಹಳೆಯ ಕೋಣೆಯನ್ನು ತೋರಿಸಿ, "ಅಲ್ಲಿ ಮಲಗಬಹುದು ಎಂದು ಬರೆದವನೂ ನಾನೇ" ಎಂದೆ. ನನ್ನ ಹಿಂದಿಯಲ್ಲಿ ಇದ್ದಬದ್ದ ಕ್ರಿಯಾಪದಗಳನ್ನೆಲ್ಲ ಹಾಕಿ, ನಿಧಾನವಾಗಿ, ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಹೇಳಿದೆ.

ಅವನು ನನ್ನ ಕೈ ಬಿಟ್ಟ. ಹಳೆಯ ಕೋಣೆಯ ಕಡೆ ನೋಡಿದ, ನೆಲ ನೋಡಿದ. ಆಡುಗಳು ಮೇವಿಗೆ ಅರಚುತ್ತಿದ್ದವು. ಅವನು ಹೊಡೆದಿದ್ದರೂ ಸುಮ್ಮನೆ ನಿಲ್ಲುತ್ತಿದ್ದೆ. ಅವನು ಹೊಡೆಯಲೂ ಇಲ್ಲ, ಬೈಯಲೂ ಇಲ್ಲ. ಹಾಸಿಗೆಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಹೊಸ ಕ್ಯಾಬಿನ್ ಕಡೆಗೆ ಗಲ್ಲ ಎತ್ತಿ ತೋರಿಸಿ ಕೇಳಿದ: "ಇಲ್ಲಿ ಮಲಗಬಹುದಾ?"

ನಾನು ಒಳಗೆ ಹೋದೆ. ಖಾಲಿ ಕ್ಯಾಬಿನ್, ಹೊಸ ಪೇಂಟಿನ ವಾಸನೆ. ಮಂಡಿಯೂರಿ ಒಂದೊಂದು ಮೂಲೆ, ಒಂದೊಂದು ತಿರುಪಿನ ತೂತು, ಬಾಗಿಲಿನ ಅಡಿಯ ರಬ್ಬರ್ ಪಟ್ಟಿ ಎಲ್ಲವನ್ನೂ ಟಾರ್ಚ್ ಹಿಡಿದು ನೋಡಿದೆ. ಗಂಟೆ ಅಂದರೆ ಗಂಟೆ. ಅವನು ಅಷ್ಟು ಹೊತ್ತೂ ಬಿಸಿಲಿನಲ್ಲಿ ಹಾಸಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ, ಒಂದು ಸಲವೂ ಕೆಳಗಿಡಲಿಲ್ಲ.

ಏನೂ ಸಿಗಲಿಲ್ಲ. ಎದ್ದು ಅವನ ಮುಂದೆ ನಿಂತೆ. ಮಲಗು ಎಂದು ಹೇಳುವ ಧೈರ್ಯ ಬರಲಿಲ್ಲ.

"ಈಗ ನೋಡಿದೆ. ಈಗ ಇಲ್ಲ" ಎಂದೆ. ಅಷ್ಟೇ ಹೇಳಲು ಆದದ್ದು. ಅವನು ನನ್ನ ಮುಖವನ್ನೊಮ್ಮೆ ನೋಡಿ, ನನ್ನ ಕೈಯಿಂದ ಟಾರ್ಚ್ ತೆಗೆದುಕೊಂಡು, ತಾನೇ ಮಂಡಿಯೂರಿ ಮೊದಲ ಮೂಲೆಯಿಂದ ನೋಡಲು ಶುರುಮಾಡಿದ.